ಒಂದು ಸಣ್ಣ ಕವರ್ ಮತ್ತು ನಾಲ್ಕು ಹಳೆಯ ಸೇತುವೆಗಳು

ಬಹ್ರೇನಿನಲ್ಲಿ ಗುಟ್ಟಾಗಿ ಮಾಡಲಾಗದ ಕೆಲಸ ಒಂದೇ: ಪ್ರಯಾಣ. ಇಲ್ಲಿ ನೌಕರಿ ಬದಲಿಸಬಹುದು, ಫ್ಲ್ಯಾಟ್ ಬದಲಿಸಬಹುದು, ಬೆಳಗಿನ ವಾಕಿಂಗ್ ಶುರುಮಾಡಿ ಎರಡನೆಯ ವಾರಕ್ಕೆ ಬಿಟ್ಟೂ ಬಿಡಬಹುದು. ಯಾರೂ ಏನೂ ಕೇಳುವುದಿಲ್ಲ. ಆದರೆ ಟಿಕೇಟು ಬುಕ್ ಮಾಡಿದ ಸಂಜೆ ಮೊಸರು ತರಲು ಕೆಳಗಿನ ಕೋಲ್ಡ್ ಸ್ಟೋರಿಗೆ ಹೋಗಿ ನೋಡಿ. ಕೋಲ್ಡ್ ಸ್ಟೋರ್ ಎಂದರೆ ಇಲ್ಲಿನವರ ಬಾಯಲ್ಲಿ ಮೂಲೆಯ ದಿನಸಿ ಅಂಗಡಿ. ಮೊಸರು ಕೈಗೆ ಬರುವ ಮೊದಲೇ "ಯಾವಾಗ ಹೊರಡೋದು?" ಎಂಬ ಪ್ರಶ್ನೆ ಬರುತ್ತದೆ. ಗಲ್ಫಿಗೆ ಬಂದ ಹೊಸತರಲ್ಲಿ ನಾನು ಇದನ್ನು ಶುದ್ಧ ಪ್ರೀತಿ ಎಂದು ತಿಳಿದಿದ್ದೆ. ಪ್ರೀತಿ ಇಲ್ಲವೆಂದಲ್ಲ. ಆ ಪ್ರೀತಿಯ ಬೆನ್ನಿಗೆ ಒಂದು ಸಣ್ಣ ಕವರ್ ಇರುತ್ತದೆ, ಅಷ್ಟೆ.

"ಒಂದೇ ಒಂದು ಸಣ್ಣ ಕವರ್ ಉಂಟು, ನಿಮಗೆ ತೊಂದರೆ ಇಲ್ಲದಿದ್ರೆ ಮಾತ್ರ." ಈ ಮಾತು ಕೇಳಿಸಿಕೊಳ್ಳದೆ ವಿಮಾನ ಹತ್ತಿದ ಕರಾವಳಿಯವನು ಇನ್ನೂ ಹುಟ್ಟಬೇಕು. ಸಣ್ಣ ಕವರ್ ನಮ್ಮ ಮನೆಗೆ ಒಮ್ಮೆ ಎರಡು ಪದರದ ಕಂಬಳಿಯಾಗಿ ಬಂತು, ಒಮ್ಮೆ ಇಸ್ತ್ರಿಪೆಟ್ಟಿಗೆಯಾಗಿ, ಇನ್ನೊಮ್ಮೆ ಬಿಡಿಭಾಗ ಮಾಡಿದ ಮಕ್ಕಳ ಸೈಕಲ್ಲಾಗಿ. ಹೊತ್ತುಕೊಂಡು ಹೋಗುವುದು ಕಷ್ಟವಲ್ಲ; ತಲುಪಿಸುವುದು ಕಷ್ಟ. ಊರಿನಲ್ಲಿ ಅವರ ಮನೆ ಹುಡುಕಬೇಕು, ಚಾ ಕುಡಿಯಬೇಕು, ಅವರ ಮಗ ಬಹ್ರೇನಿನಲ್ಲಿ ದಪ್ಪಗಾಗಿದ್ದಾನೋ ಸಪೂರವಾಗಿದ್ದಾನೋ ಹೇಳಬೇಕು, ಮತ್ತು ಹೊರಡುವಾಗ ಅವರು ಕೊಡುವ ಹಪ್ಪಳದ ಕಟ್ಟನ್ನು, ಅದೂ ಸಣ್ಣದೇ, ವಾಪಸು ತರಬೇಕು. ಹೋದ ಸಲದ ರಜೆಯ ಅರ್ಧಭಾಗವನ್ನು ನಾವು ಗುರುತಿಲ್ಲದವರ ಚಾವಡಿಗಳಲ್ಲಿ ಕಳೆದೆವು. ವಾಪಸು ಬರುವ ವಿಮಾನದಲ್ಲಿ ನನ್ನ ಹೆಂಡತಿ ವಸಂತಿ ಕಿಟಕಿಯ ಕಡೆ ಮುಖ ಮಾಡಿ, "ಅಕ್ಕನೊಟ್ಟಿಗೆ ಒಂದು ದಿನ ಸರಿಯಾಗಿ ಕೂತು ಮಾತಾಡ್ಲಿಕ್ಕೆ ಆಗ್ಲಿಲ್ಲ" ಎಂದಳು. ಜಗಳವಾಡಿದ್ದರೆ ನನಗೆ ಅಭ್ಯಾಸವಿತ್ತು. ಅವಳು ಜಗಳವಾಡಲಿಲ್ಲ, ಕಣ್ಣು ಒರೆಸಿಕೊಂಡಳು. ನನಗೆ ನಿಜಕ್ಕೂ ಸಂಕಟವಾಯಿತು.

ಆದ್ದರಿಂದ ನಮ್ಮ ಮದುವೆಯ ಇಪ್ಪತ್ತೈದನೆಯ ವರ್ಷಕ್ಕೆ ಎಲ್ಲಿಗಾದರೂ ಹೋಗೋಣವೆಂದಾಗ ಅವಳು ಒಂದೇ ಷರತ್ತು ಹಾಕಿದಳು. "ನಮ್ಮವರು ಒಬ್ರೂ ಇಲ್ಲದ ಜಾಗಕ್ಕೆ ಹೋಗುವ. ಯಾರ ಹತ್ರ ಒಂದು ಸೂಜಿ ತಕ್ಕೊಂಡ್ರೂ ನಾನು ಏರ್‌ಪೋರ್ಟಿನಿಂದಲೇ ವಾಪಸು." ನಮ್ಮ ಮನೆಮಾತು ತುಳು, ಓದುಗರಿಗಾಗಿ ಕನ್ನಡಕ್ಕೆ ತಂದಿದ್ದೇನೆ. ಮೂಲದ ಖಾರ ಇದರಲ್ಲಿ ಬಂದಿಲ್ಲ.

ಜನರು ಸಮುದ್ರ ನೋಡಿ, ಹಿಮ ನೋಡಿ ಊರು ಆರಿಸುತ್ತಾರೆ. ನಾವು ಭೂಪಟ ಹರಡಿಕೊಂಡು ಯಾರಿಲ್ಲ ಎಂದು ನೋಡುತ್ತ ಹೋದೆವು. ಲಂಡನ್ ಆಗುವುದಿಲ್ಲ, ಅಲ್ಲಿ ಅವಳ ಚಿಕ್ಕಮ್ಮನ ಮಗಳಿದ್ದಾಳೆ. ಸ್ವಿಟ್ಜರ್ಲೆಂಡಿನಲ್ಲಿ ನನ್ನ ಸಹೋದ್ಯೋಗಿಯ ಭಾವ ಅಡುಗೆಯವನು. ಪ್ಯಾರಿಸ್ಸಿನಲ್ಲಿ ಯಾರಿದ್ದಾರೋ ಗೊತ್ತಿಲ್ಲ, ಆದರೆ ಇರುತ್ತಾರೆ. ಕೊನೆಗೆ ಕಣ್ಣಿಗೆ ಬಿದ್ದದ್ದು ಜುಫೈರಿನ ನಮ್ಮ ಆಫೀಸಿನ ಕ್ಯಾಲೆಂಡರು. ನಾನು ಅಲ್ಲಿ ಬಾಡಿಗೆ ಫ್ಲ್ಯಾಟುಗಳ ಕಟ್ಟಡವೊಂದರ ಮ್ಯಾನೇಜರು. ಕ್ಯಾಲೆಂಡರು ಲಿಫ್ಟಿನ ಸಾಮಾನು ಕಳಿಸುವವರು ಕೊಟ್ಟದ್ದು. ಆ ತಿಂಗಳ ಪುಟದಲ್ಲಿ ಒಂದು ನದಿ, ಅದರ ಮೇಲೆ ಕಲ್ಲಿನ ಹಳೆಯ ಸೇತುವೆ, ಹಿಂದೆ ಒಂದು ಕೋಟೆ, ಸುತ್ತ ಹಸಿರು ಗುಡ್ಡ. ಮನುಷ್ಯರು ಇಲ್ಲವೇ ಇಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಎಸ್ತೇಂ, ಲೊಟ್ ನದಿಯ ಕಣಿವೆ, ದಕ್ಷಿಣ ಫ್ರಾನ್ಸ್. ವಸಂತಿ ಚಿತ್ರವನ್ನು ಬಹಳ ಹೊತ್ತು ಪರೀಕ್ಷಿಸಿ, "ಇಲ್ಲಿ ಯಾರೂ ಇರ್ಲಿಕ್ಕಿಲ್ಲ" ಎಂದಳು. ಹೀಗೆ ನಮ್ಮ ಪ್ರವಾಸ ನಿಗದಿಯಾಯಿತು.

ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷೀಲಿ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಉಮ್ ಅಲ್ ಹಸ್ಸಮ್‌ನ ನಾವಿರುವ ಕಟ್ಟಡದಲ್ಲಿ, ನಮ್ಮ ಮೇಲಿನ ಮಾಳಿಗೆಯಲ್ಲಿ, ಫ್ಲೇವಿ ಬಾಯಿ ಎಂಬ ನರ್ಸ್ ಇದ್ದಾರೆ. ಮಂಗಳೂರಿನ ಕಡೆಯವರು, ಬಲು ಒಳ್ಳೆಯವರು. ಕ್ರಿಸ್ಮಸ್ಸಿಗೆ ಅವರು ಕೊಡುವ ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ಪ್ಲೇಟಿಗಾಗಿ ನಾವು ದೀಪಾವಳಿಯಿಂದ ಕಾಯುತ್ತೇವೆ. ಅವರು ನನ್ನನ್ನು ಲಿಫ್ಟಿನ ಬಾಗಿಲಲ್ಲಿ ಹಿಡಿದರು.

"ಸದಾನಂದಣ್ಣ, ಫ್ರಾನ್ಸಿಗಂತೆ?"

"ಹೌದು ಬಾಯಿ. ಆದ್ರೆ ಪ್ಯಾರಿಸ್ ಅಲ್ಲ, ಎಲ್ಲೋ ಹಳ್ಳಿ. ಲೊಟ್ ಅಂತ ಒಂದು ನದಿ." ಇದು ನನ್ನ ರಕ್ಷಣೆಯ ಗೋಡೆಯೆಂದು ನಾನು ಭಾವಿಸಿದ್ದೆ.

"ದೇವರೇ! ನಮ್ಮ ವಲೇರಿಯನ್ ಅಲ್ಲೇ ಫಾದರ್ ಅಲ್ವಾ!"

ಫ್ರಾನ್ಸಿನ ಹಳ್ಳಿಗಳಲ್ಲಿ ಪಾದ್ರಿಗಳಾಗಲು ಅಲ್ಲಿನವರು ಸಾಕಷ್ಟು ಸಿಗುವುದಿಲ್ಲವಂತೆ. ಹಾಗಾಗಿ ನಮ್ಮ ಕಡೆಯವರೂ ಹೋಗಿದ್ದಾರಂತೆ. ಇದು ನನಗೆ ಗೊತ್ತಿರಲಿಲ್ಲ, ಭೂಪಟದಲ್ಲಿ ಬರೆದಿರಲಿಲ್ಲ. ಫ್ಲೇವಿ ಬಾಯಿಯ ಒಡಹುಟ್ಟಿದ ಅಣ್ಣ ವರ್ಷಗಳಿಂದ ಆ ಕಣಿವೆಯಲ್ಲಿ ಒಬ್ಬರೇ ಇದ್ದಾರೆ. "ಒಣ ಸಿಗಡಿ ಅಂದ್ರೆ ಪ್ರಾಣ ಅವನಿಗೆ. ಒಂದೇ ಒಂದು ಸಣ್ಣ ಕವರ್, ಅಣ್ಣ. ವಸಂತಿಗೆ ಹೇಳ್ಬೇಡಿ, ಅವಳಿಗೆ ಪಾಪ ಬೇಜಾರಾಗ್ತದೆ." ಇಲ್ಲ ಎನ್ನಲು ನಾನು ಬಾಯಿ ತೆರೆದೆ. ಲಿಫ್ಟು ಮುಚ್ಚಿ ಮತ್ತೆ ತೆರೆಯುವಷ್ಟರಲ್ಲಿ ಕವರ್ ನನ್ನ ಕೈಯಲ್ಲಿತ್ತು. ಅದನ್ನು ಮೂರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಟೇಪು ಹಾಕಿ, ನನ್ನ ಲುಂಗಿಯೊಳಗಿಟ್ಟು, ಲುಂಗಿಯನ್ನು ಸೂಟ್‌ಕೇಸಿನ ತಳಕ್ಕೆ ಸೇರಿಸಿದೆ. ನನ್ನ ಲುಂಗಿಯನ್ನು ವಸಂತಿ ತಾನಾಗಿ ಮುಟ್ಟುವುದಿಲ್ಲ.

ವಿಮಾನ ಎರಡು, ಆಮೇಲೆ ಬಾಡಿಗೆ ಕಾರು. ಅಲ್ಲಿ ಬಹ್ರೇನಿನಂತೆ ಬಲಬದಿಯಲ್ಲೇ ಓಡಿಸುವುದು ಒಂದು ಸಮಾಧಾನ. ಎಸ್ಪಾಲಿಯೋಂ ಎಂಬ ಸಣ್ಣ ಪೇಟೆಯಲ್ಲಿ ನದಿಯ ಪಕ್ಕ ಒಬ್ಬ ಅಜ್ಜಿಯ ಮನೆಯ ಮಹಡಿಯಲ್ಲಿ ಎರಡು ಕೋಣೆ ಹಿಡಿದಿದ್ದೆವು. ವಸಂತಿಯ ಯೋಜನೆ ಸರಳವಾಗಿತ್ತು: ಎಲ್ಲಿಗೂ ಹೋಗದೆ ನದಿಯ ದಂಡೆಯಲ್ಲಿ ಕುಳಿತಿರುವುದು. ನನ್ನ ಯೋಜನೆಯೂ ಸರಳವಾಗಿತ್ತು: ಮೊದಲ ದಿನವೇ ಫಾದರಿಗೆ ಸಿಗಡಿ ಒಪ್ಪಿಸಿ, ಮಿಕ್ಕ ದಿನ ಸತ್ಯವಂತನಾಗಿ ಇರುವುದು. ಬಚ್ಚಲುಮನೆಯಿಂದ ಮೆಸೇಜು ಹಾಕಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: "ನಾಳೆ ಎಸ್ಪಾಲಿಯೋಂಗೆ ಬರ್ತೇನೆ. ಹಳೇ ಬ್ರಿಡ್ಜ್ ಹತ್ರ ಸಿಕ್ತೇನೆ."

ಇಲ್ಲಿ ನನ್ನ ತೊಂದರೆ ಶುರುವಾಯಿತು. ಬೆಳಿಗ್ಗೆ ಎದ್ದು ಹಳೆಯ ಸೇತುವೆಯ ಹತ್ತಿರ ಹೋಗಿ ನಿಲ್ಲಬೇಕಾದರೆ ಕಾರಣ ಬೇಕಲ್ಲ? "ವಸಂತಿ, ನನಗೆ ಹಳೇ ಸೇತುವೆ ಅಂದ್ರೆ ಮೊದಲಿಂದಲೂ ಒಂಥರಾ" ಎಂದೆ. ಸೌದಿಗೆ ಹೋಗುವ ಸಮುದ್ರಸೇತುವೆಯಾದ ಕಾಸ್‌ವೇಯ ಮೇಲೆ ಪ್ರತಿಸಲ ಬಾಯಿ ತೆರೆದು ನಿದ್ದೆ ಹೊಡೆದ ಮನುಷ್ಯ ಇದನ್ನು ಹೇಳಿದಾಗ ಅವಳು ನಗಬೇಕಾಗಿತ್ತು. ನಗಲಿಲ್ಲ. "ನೋಡುವ, ಅದಕ್ಕೆಂತ" ಎಂದು ತನ್ನ ದೊಡ್ಡ ಹ್ಯಾಂಡ್‌ಬ್ಯಾಗ್ ಹೆಗಲಿಗೆ ಹಾಕಿಕೊಂಡಳು. ಎಂಥ ಹೆಂಡತಿ ಎಂದು ನನ್ನ ಎದೆ ತುಂಬಿ ಬಂತು.

ಎಸ್ಪಾಲಿಯೋಂನ ಸೇತುವೆ ಕೆಂಪುಕಲ್ಲಿನದು, ನಡೆದೇ ದಾಟಬೇಕು. ಪಕ್ಕದಲ್ಲಿ ಹಿಂದೆ ಚರ್ಮ ಹದಮಾಡುತ್ತಿದ್ದವರ ಮನೆಗಳು ನೀರಿಗೆ ಬಗ್ಗಿ ನಿಂತಿವೆ, ಮೆಟ್ಟಿಲುಗಳು ನೇರ ನದಿಗೇ ಇಳಿಯುತ್ತವೆ. ಚಂದವೇ. ಆದರೆ ಅರ್ಧ ಗಂಟೆಯಲ್ಲಿ ನೋಡಿ ಮುಗಿಯುವ ಸೇತುವೆಯನ್ನು ಮಧ್ಯಾಹ್ನದವರೆಗೆ ನೋಡಬೇಕಾದಾಗ ಪಾಂಡಿತ್ಯ ಬೇಕಾಗುತ್ತದೆ. ನಾನು ಕಮಾನುಗಳ ಬಗ್ಗೆ ಮಾತಾಡಿದೆ. ಕಲ್ಲಿನ ಬಗ್ಗೆ ಮಾತಾಡಿದೆ. ಗಾರೆಯಲ್ಲಿ ಬೆಲ್ಲ ಸೇರಿಸಿರಬಹುದು ಎಂದೂ ಹೇಳಿದೆ. ಫ್ರಾನ್ಸಿನಲ್ಲಿ ಆಗ ಬೆಲ್ಲ ಎಲ್ಲಿಂದ ಎಂದು ಅವಳು ಕೇಳಲಿಲ್ಲ. ಸುತ್ತಮುತ್ತ ನೋಡುತ್ತ, "ಇಲ್ಲಿ ಚರ್ಚ್ ಎಷ್ಟೊತ್ತಿಗೆ ತೆರೀತದಂತೆ?" ಎಂದು ಕೇಳಿದಳು. ಊರಿನಲ್ಲಿ ಕುಲದೈವದ ಕೋಲಕ್ಕೂ ತಡವಾಗಿ ಹೋಗುವವಳಿಗೆ ಈ ಭಕ್ತಿ ಎಲ್ಲಿಂದ ಬಂತೋ ತಿಳಿಯಲಿಲ್ಲ. ಫಾದರ್ ಬರಲಿಲ್ಲ. ಗುಡ್ಡದ ಮೇಲಿನ ಹಳ್ಳಿಯಲ್ಲಿ ಯಾರೋ ಅಜ್ಜಿ ಕೊನೆಯುಸಿರೆಳೆಯುತ್ತಿದ್ದಾರೆಂದು ಹೋಗಿದ್ದರಂತೆ. "ಸಾರಿ. ನಾಳೆ ಆಂತ್ರೈಗ್‌ನಲ್ಲಿ ಬ್ಯಾಪ್ಟಿಸಂ. ಅಲ್ಲಿಯ ಬ್ರಿಡ್ಜ್ ಹತ್ರ ಸಿಕ್ತೇನೆ."

ಆಂತ್ರೈಗ್ ಎರಡು ನದಿಗಳು ಸೇರುವ ಊರು. ಅಲ್ಲಿಯೂ ಕಲ್ಲಿನ ಸೇತುವೆ, ಅಲ್ಲಿಯೂ ಕಮಾನು. ನಾನು ಹಿಂದಿನ ದಿನದ ಉಪನ್ಯಾಸವನ್ನೇ ಸ್ವಲ್ಪ ತಿದ್ದಿ ಒಪ್ಪಿಸಿದೆ. ಅತ್ತ ಮಗುವಿಗೆ ಜ್ಞಾನಸ್ನಾನ ಮುಗಿಸಿ ಫಾದರ್ ಊಟಕ್ಕೆ ಮಗುವಿನ ಮನೆಗೆ ಹೋದರು. ಮನೆ ನದಿಯ ಆಚೆ, ಫೋನಿಗೆ ಸಿಗ್ನಲ್ ಇಲ್ಲದ ಕಾಡಿನಲ್ಲಿ. ಮರುದಿನ ಸೇಂ ಕೋಮ್ ಎಂಬ ಹಳ್ಳಿ. ಅಲ್ಲಿಯ ಚರ್ಚಿನ ಗೋಪುರ, ಒದ್ದೆ ಬಟ್ಟೆ ಹಿಂಡಿದಂತೆ, ಬುಡದಿಂದ ತುದಿಯವರೆಗೆ ತಿರುಚಿಕೊಂಡಿದೆ. ನಾನು ಸೇತುವೆಯ ಮೇಲಿಂದ ಅದನ್ನೇ ನೋಡುತ್ತ ನಿಂತೆ. ನನ್ನ ಒಳಗೂ ಸುಮಾರು ಅದೇ ಸ್ಥಿತಿಯಿತ್ತು. ಫಾದರ್ ಮೀಟಿಂಗಿನಲ್ಲಿದ್ದರು. ಒಬ್ಬ ಮನುಷ್ಯನಿಗೆ ಅಷ್ಟೊಂದು ಚರ್ಚು ಕೊಟ್ಟರೆ ಅವನಾದರೂ ಏನು ಮಾಡುತ್ತಾನೆ?

ಈ ನಡುವೆ ನನ್ನನ್ನು ಕಾಡಿದ್ದು ವಾಸನೆ. ಕಾರಿನಲ್ಲಿ ಒಣಮೀನಿನ ವಾಸನೆ ಬರಲು ಶುರುವಾಯಿತು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ರಾತ್ರಿ ವಸಂತಿ ಸ್ನಾನಕ್ಕೆ ಹೋದಾಗ ಲುಂಗಿ ಬಿಚ್ಚಿ ಕವರನ್ನು ಮೂಸಿ ನೋಡಿದೆ. ಏನೂ ಇಲ್ಲ. ಆದರೂ ಇನ್ನೊಂದು ಪ್ಲಾಸ್ಟಿಕ್ ಸುತ್ತಿದೆ. ಬೆಳಿಗ್ಗೆ ಕಾರಿನಲ್ಲಿ ವಾಸನೆ ಮತ್ತೂ ಜೋರು. "ನದಿಯದ್ದಿರಬೇಕು" ಎಂದೆ. "ಹೌದು, ನದಿಯದ್ದೇ" ಎಂದು ವಸಂತಿ ತಕ್ಷಣ ಒಪ್ಪಿಕೊಂಡಳು. ನನ್ನ ಮಾತನ್ನು ಅವಳು ತಕ್ಷಣ ಒಪ್ಪುವುದು ನಮ್ಮ ದಾಂಪತ್ಯದಲ್ಲಿ ಅಪರೂಪ. ಅಜ್ಜಿಯ ಮನೆಯ ಬೆಕ್ಕು ಬೇರೆ ವಸಂತಿಯ ಕಾಲು ಬಿಡುತ್ತಿರಲಿಲ್ಲ. ಅವಳು ಕುರ್ಚಿಯಲ್ಲಿ ಕುಳಿತರೆ ಅದು ಹ್ಯಾಂಡ್‌ಬ್ಯಾಗಿನ ಪಕ್ಕ ಕುಳಿತು ಧ್ಯಾನ ಮಾಡುತ್ತಿತ್ತು. ಬೆಕ್ಕು ಕಂಡರಾಗದ ಹೆಂಗಸು, "ಪ್ರಾಣಿಗಳಿಗೆ ನಾನೆಂದ್ರೆ ಇಷ್ಟ" ಎಂದಳು. ಪರದೇಶ ಮನುಷ್ಯರನ್ನು ಎಷ್ಟು ಮೃದು ಮಾಡುತ್ತದೆ ಎಂದುಕೊಂಡೆ.

ಬೆಕ್ಕಿನ ಒಡತಿ ಅಜ್ಜಿ ನಮ್ಮ ಸೇತುವೆಪ್ರೇಮ ನೋಡಿ ಬಹಳ ಸಂತೋಷಪಟ್ಟರು. ಮೊಬೈಲಿನ ಅನುವಾದದ ಸಹಾಯದಿಂದ ಒಂದು ಕಥೆ ಹೇಳಿದರು. ಇದೇ ನದಿಯ ಕೆಳಗೆ ದೂರದ ಊರಿನಲ್ಲಿ ಮೂರು ಗೋಪುರದ ಸೇತುವೆಯೊಂದಿದೆ. ಅದನ್ನು ಕಟ್ಟಿ ಮುಗಿಸಲಾಗದೆ ಮೇಸ್ತ್ರಿ ತನ್ನ ಆತ್ಮ ಒತ್ತೆಯಿಟ್ಟು ಸೈತಾನನ ಸಹಾಯ ಪಡೆದ. ಹೇಳಿದ ಕೆಲಸವನ್ನೆಲ್ಲ ಸೈತಾನ ಮಾಡಿಕೊಡಬೇಕೆಂಬುದು ಕರಾರು. ಕೊನೆಯಲ್ಲಿ ಮೇಸ್ತ್ರಿ ಅವನ ಕೈಗೆ ಜರಡಿ ಕೊಟ್ಟು, ಕೆಲಸದವರಿಗೆ ಕುಡಿಯಲು ಇದರಲ್ಲಿ ನೀರು ತಂದುಕೊಡು ಎಂದ. ಸೈತಾನ ಸೋತ. ಅಜ್ಜಿ ನಕ್ಕರು, ವಸಂತಿ ನಕ್ಕಳು. ನನಗೆ ನಗು ಬರಲಿಲ್ಲ. ಪಾಪ, ಅವನಿಗೂ ಇಲ್ಲ ಎನ್ನಲು ಬಂದಿರಲಿಲ್ಲ.

ಕೊನೆಯ ದಿನ ಉಳಿದದ್ದು ಎಸ್ತೇಂ, ಕ್ಯಾಲೆಂಡರಿನ ಸೇತುವೆ. "ಶವಸಂಸ್ಕಾರ ಉಂಟು, ಮುಗಿಸಿ ಖಂಡಿತ ಬ್ರಿಡ್ಜ್ ಹತ್ರ ಸಿಕ್ತೇನೆ" ಎಂದು ಫಾದರ್ ಬರೆದಿದ್ದರು. ನಾನು ಬಾಯಿ ತೆರೆಯುವ ಮೊದಲೇ ವಸಂತಿ, "ಇವತ್ತು ಎಸ್ತೇಂಗೆ ಹೋಗುವ. ಅಲ್ಲಿಯ ಸೇತುವೆ ನೋಡದೆ ಹೋದ್ರೆ ನಿಮಗೆ ಬೇಜಾರಾಗ್ತದೆ" ಎಂದಳು. ಇದನ್ನು ಕೇಳಿ ನನಗೆ ನಾಚಿಕೆಯಾಯಿತು. ನದಿಯ ದಂಡೆಯಲ್ಲಿ ಸುಮ್ಮನೆ ಕೂರಬೇಕೆಂದು ಬಂದವಳು ನನ್ನ ಸುಳ್ಳು ಹುಚ್ಚಿಗಾಗಿ ದಿನವೂ ಸೇತುವೆ ಕಾಯುತ್ತಿದ್ದಾಳೆ. ಇನ್ನು ಮುಚ್ಚಿಡಲು ನನ್ನಿಂದಾಗುವುದಿಲ್ಲ, ಹೇಳಿಬಿಡುತ್ತೇನೆ ಎಂದು ನಿರ್ಧರಿಸಿದೆ. ಸೇತುವೆಗೆ ಹೋದ ಮೇಲೆ ಹೇಳೋಣ ಎಂದು ಮುಂದೂಡಿದೆ.

ಎಸ್ತೇಂ ಚಿತ್ರದಲ್ಲಿ ಇದ್ದಂತೆಯೇ ಇತ್ತು. ಸೇತುವೆಯ ಮೇಲೆ ಯಾವ ಕಾಲದ್ದೋ ಬಿಷಪ್ಪರ ಕಲ್ಲಿನ ಮೂರ್ತಿ, ಎದುರಿಗೆ ಕಬ್ಬಿಣದ ಶಿಲುಬೆ, ಕೆಳಗೆ ತಣ್ಣಗೆ ಹರಿಯುವ ನೀರು. ಬೆನ್ನಿಗೆ ಚೀಲ ಹಾಕಿಕೊಂಡ ಯಾತ್ರಿಕರು ಕೋಲೂರುತ್ತ ದಾಟುತ್ತಿದ್ದರು. ನನ್ನ ಬೆನ್ನಚೀಲದಲ್ಲಿ ಸಿಗಡಿಯಿತ್ತು. "ವಸಂತಿ, ಒಂದು ವಿಷಯ" ಎಂದೆ. "ನಂದೂ ಒಂದು ವಿಷಯ ಉಂಟು" ಎಂದಳು. ಅಷ್ಟರಲ್ಲಿ ಒಂದು ಸಣ್ಣ ಬಿಳಿ ಕಾರು ಬಂದು ನಿಂತು, ಬೂದು ಸ್ವೆಟರಿನ, ನರೆತ ಗಡ್ಡದ, ಅಪ್ಪಟ ನಮ್ಮ ಊರಿನ ಮುಖವೊಂದು ಇಳಿದು ಕೈ ಬೀಸಿತು.

"ಸದಾನಂದಣ್ಣ ಅಲ್ವಾ? ಎಷ್ಟು ಕಾಯಿಸಿದೆ ನಿಮ್ಮನ್ನು! ಎರಡೂ ಕವರ್ ತಂದ್ರಾ?"

"ಎರಡೂ?" ಎಂದೆ.

"ಸಿಗಡಿ ನಿಮ್ಮ ಹತ್ರ, ಒಣ ಬಂಗುಡೆ ಮೀನು ವಸಂತಿಬಾಯಿ ಹತ್ರ ಅಂತ ಫ್ಲೇವಿ ಹೇಳಿದ್ಲಲ್ಲ. ದಿನಾ ಇಬ್ರೂ ಬೇರೆ ಬೇರೆ ಮೆಸೇಜ್ ಹಾಕ್ತಿದ್ರಿ. ಎಷ್ಟು ಕಾಳಜಿ ಅಂದುಕೊಂಡೆ."

ನಾನು ಬಿಷಪ್ಪರ ಮೂರ್ತಿಯನ್ನು ನೋಡಿದೆ. ವಸಂತಿ ಶಿಲುಬೆಯನ್ನು ನೋಡಿದಳು. ಆಮೇಲೆ ಅವಳು ಹ್ಯಾಂಡ್‌ಬ್ಯಾಗಿನ ಜಿಪ್ಪು ಎಳೆದಳು, ಮತ್ತು ನಾಲ್ಕು ದಿನದ ನದಿಯ ವಾಸನೆಯ ಮೂಲ ಹೊರಗೆ ಬಂತು. ನಾನು ಬೆನ್ನಚೀಲ ಬಿಚ್ಚಿದೆ. "ನಿಮಗೆ ಹೇಳ್ಬಾರ್ದು, ನಿಮಗೆ ಪಾಪ ಬೇಜಾರಾಗ್ತದೆ ಅಂದ್ರು ಬಾಯಿ" ಎಂದು ವಸಂತಿ ಮೆಲ್ಲಗೆ ಹೇಳಿದಳು.

ಜಗಳಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದಿಲ್ಲ. ಆದರೆ ಫಾದರ್ ಆಗಲೇ ಬಂಗುಡೆಯ ಕವರಿನ ಬಾಯಿ ಬಿಚ್ಚಿ, ಸೇತುವೆಯ ಮೇಲೆ ನಿಂತಲ್ಲೇ ಮುಖ ಒಳಗೆ ಹಾಕಿ ಮೂಸಿದರು. ಕಣ್ಣು ಮುಚ್ಚಿಕೊಂಡರು. ಬಹಳ ಹೊತ್ತು ತೆರೆಯಲಿಲ್ಲ. "ಇಲ್ಲಿಯವರು ಒಳ್ಳೆಯವರು" ಎಂದರು ಆಮೇಲೆ, "ಚೀಸ್ ಕೊಡ್ತಾರೆ, ಬ್ರೆಡ್ ಕೊಡ್ತಾರೆ. ಸಾಯುವಾಗ ನನ್ನ ಕೈ ಹಿಡ್ಕೊಳ್ತಾರೆ. ಆದ್ರೆ ಇದನ್ನು ಯಾರ ಹತ್ರ ಹೇಳುವುದು?" ವಸಂತಿಯ ಕಣ್ಣು ತುಂಬಿತು. ನನ್ನದೂ. ಆ ಕ್ಷಣದಲ್ಲಿ ನಮ್ಮ ಮೇಲೆ ನಮಗೇ ಗೌರವ ಬಂತು ಎಂಬುದನ್ನೂ ಮುಚ್ಚಿಡುವುದಿಲ್ಲ.

ಆ ಸಂಜೆ ಫಾದರರ ಕಲ್ಲಿನ ಮನೆಯಲ್ಲಿ ವಸಂತಿ ಸೀರೆಯ ಸೆರಗು ಸಿಕ್ಕಿಸಿ ಒಣಮೀನು ಸುಟ್ಟಳು. ಫ್ರಾನ್ಸಿನ ಬಿಳಿ ಅಕ್ಕಿಯ ಗಂಜಿ, ಸಿಗಡಿ ಚಟ್ನಿ. ಪಕ್ಕದ ಮನೆಯವರು ಏನೋ ಉರಿಯುತ್ತಿದೆಯೆಂದು ಬಾಗಿಲು ತಟ್ಟಿದರು. ಅವರಿಗೂ ಒಂದೊಂದು ಚೂರು ಕೊಟ್ಟೆವು. ಅವರು ಮರ್ಯಾದೆಯಿಂದ ನುಂಗಿದರು. ಯಾರೂ ಇಲ್ಲದ ಜಾಗಕ್ಕೆ ಬಂದ ವಸಂತಿ ಫಾದರರ ಎದುರು ಕುಳಿತು ತನ್ನ ಅಕ್ಕನ ಕಥೆ, ಬಹ್ರೇನಿನ ಕಥೆ, ನನ್ನ ಬೆಲ್ಲದ ಗಾರೆಯ ಕಥೆ ಎಲ್ಲ ಹೇಳಿದಳು. ಇಡೀ ಪ್ರವಾಸದಲ್ಲಿ ಅವಳು ಅಷ್ಟು ಸುಖವಾಗಿದ್ದುದನ್ನು ನಾನು ನೋಡಿರಲಿಲ್ಲ. ಹೊರಡುವಾಗ ಫಾದರ್ ಎರಡು ಪೊಟ್ಟಣ ತಂದರು. ಫ್ಲೇವಿಗೆ ಅಕ್ರೋಟ, ಮತ್ತು ಬಹ್ರೇನಿನ ಅರಾದ್‌ನಲ್ಲಿರುವ ಅವರ ಹಳೆಯ ಸಹಪಾಠಿಗೆ ಒಂದು ಜೇನಿನ ಬಾಟಲಿ. "ಸಣ್ಣದೇ. ತೊಂದರೆ ಇಲ್ಲದಿದ್ರೆ ಮಾತ್ರ" ಎಂದರು. ನಾನು ವಸಂತಿಯ ಮುಖ ನೋಡಿದೆ. "ಎಂತ ತೊಂದರೆ ಫಾದರ್, ಕೊಡಿ" ಎಂದವಳು ಅವಳೇ.

ಉಮ್ ಅಲ್ ಹಸ್ಸಮ್‌ಗೆ ಮರಳಿದ ಮೇಲೆ ಫ್ಲೇವಿ ಬಾಯಿಯನ್ನು ವಿಚಾರಿಸಿದೆವು. ಅವರಿಗೆ ಸ್ವಲ್ಪವೂ ಸಂಕೋಚವಾಗಲಿಲ್ಲ. "ಒಬ್ರಿಗೆ ಕೊಟ್ರೆ ಇನ್ನೊಬ್ರು ಕಂಡು ತೆಗೆದಿಡಿಸ್ತಾರೆ. ಇಬ್ರಿಗೂ ಕೊಟ್ರೆ ಇಬ್ರೂ ಹುಡುಕುವುದಿಲ್ಲ, ಬಾಯಿಯೂ ಬಿಡುವುದಿಲ್ಲ. ಇಷ್ಟು ವರ್ಷ ಪಾರ್ಸೆಲ್ ಕಳಿಸಿದ್ದು ಸುಮ್ಮನೆಯಾ, ಸದಾನಂದಣ್ಣ?" ಎಂದು ಚಾ ಕೊಟ್ಟರು. ನಾವು ಕುಡಿದೆವು.

ನನ್ನ ನಿಜವಾದ ನಷ್ಟ ಬೇರೆಯೇ ಇದೆ, ಅದನ್ನು ಯಾರೂ ನಂಬುವುದಿಲ್ಲ. ಸುಳ್ಳು ಹೇಳುತ್ತ ಹೇಳುತ್ತ ನನಗೆ ಸೇತುವೆಗಳ ಮೇಲೆ ನಿಜಕ್ಕೂ ಪ್ರೀತಿ ಹುಟ್ಟಿಬಿಟ್ಟಿದೆ. ಎಸ್ಪಾಲಿಯೋಂನ ಕೆಂಪುಕಲ್ಲು ಈಗಲೂ ಕಣ್ಣೆದುರು ಬರುತ್ತದೆ. ಕ್ಯಾಲೆಂಡರಿನ ತಿಂಗಳು ದಾಟಿದರೂ ಆಫೀಸಿನಲ್ಲಿ ಆ ಪುಟ ತಿರುಗಿಸಿಲ್ಲ. ಮೊನ್ನೆ ಶುಕ್ರವಾರ ಜೇನಿನ ಬಾಟಲಿ ಕೊಡಲು ಅರಾದ್‌ಗೆ ಹೊರಟೆವು. ಮನಾಮದಿಂದ ಮುಹರ್ರಕ್ ಕಡೆಗಿನ ಸೇತುವೆಯ ಮೇಲೆ ಕಾರನ್ನು ಸ್ವಲ್ಪ ನಿಧಾನ ಮಾಡಿ, ಇದರ ಕಂಬಗಳು ಹೇಗಿರಬಹುದು ಎಂದು ಕುತ್ತಿಗೆ ಚಾಚಿ ನೋಡಿದೆ. ಯಾವ ಒಳ ಉದ್ದೇಶವೂ ಇರಲಿಲ್ಲ. ವಸಂತಿ ನನ್ನ ಕಡೆ ತಿರುಗಿ ಕೇಳಿದಳು:

"ಯಾರ ಪಾರ್ಸೆಲ್?"

"ಯಾರದ್ದೂ ಇಲ್ಲ ಮಾರಾಯ್ತಿ, ಸೇತುವೆ ನೋಡಿದ್ದು" ಎಂದು ನಾನು ನೊಂದುಕೊಂಡೇ ಹೇಳಿದೆ. ಅವಳು ನಂಬಲಿಲ್ಲ. ಡಿಕ್ಕಿಯಲ್ಲಿ, ಸ್ಪೇರ್ ಟಯರಿನ ಪಕ್ಕ, ಆಫೀಸಿನ ಸುನಿಲ ಅರಾದ್‌ನ ತನ್ನ ಭಾವನಿಗೆಂದು ಕೊಟ್ಟ ಕುಚ್ಚಲಕ್ಕಿಯ ಚೀಲ ಇದ್ದದ್ದು ಬೇರೆ ವಿಷಯ.